ಹುಣಸೆಬೀಜದ ಪಾಠ
(ಎಳೆಯ ಮಕ್ಕಳೊಡನೆ ಮನೆಮಂದಿಯೆಲ್ಲ ಕೂಡಿ ಕಲಿಯುವ ಬಗೆ)



ಉತ್ಸವದ ದಿನಗಳಲ್ಲಿ ನಮ್ಮ ದೇವಾಲಯಗಳಿಗೆ ಬರುವ ಎಳೆಯ ಮಕ್ಕಳ ಸ್ಥಿತಿಯನ್ನು ತಾವೆಲ್ಲರೂ ಕಂಡೇ ಇದ್ದೀರಿ. ತಾಯಿಯ ಸೆರಗು ಹಿಡಿದು ಬರುತ್ತಾರೆ, ಮಂಗಳಾರತಿಗೆ ಕೈಯೊಡ್ಡುತ್ತಾರೆ, ಉಪನ್ಯಾಸ ಆರಂಭವಾಗುತ್ತಲೇ ಕಂಬದ ಮರೆಗೆ ಓಡುತ್ತಾರೆ. ಓಡಿದರೆ ಗದರಿಕೆ, ಕುಳಿತರೆ ತೂಕಡಿಕೆ. ಈಚಿನ ವರ್ಷಗಳಲ್ಲಿ ತೂಕಡಿಕೆಯ ಸ್ಥಾನವನ್ನು ಮೊಬೈಲು ಆಕ್ರಮಿಸಿದೆ. ತೀರ್ಥಪ್ರಸಾದದ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತೇವೆ. ಮಗು ದೇವಸ್ಥಾನಕ್ಕೆ ಬಂದಿತ್ತೆಂದು ತೃಪ್ತಿಪಡುತ್ತೇವೆ. ಬಂದುದು ನಿಜ, ಆದರೆ ಅಲ್ಲಿ ಅದು ಮಾಡಿದ್ದೇನು, ಕಲಿತದ್ದೇನು ಎಂಬುದನ್ನು ವಿಚಾರಿಸಿದವರು ವಿರಳ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಅನೇಕ ಮನೆಗಳಲ್ಲಿ ಇಂದು ಅಜ್ಜ ಅಜ್ಜಿಯರು ಮಾತ್ರ ಉಳಿದಿದ್ದಾರೆ. ಮಕ್ಕಳು ಉದ್ಯೋಗನಿಮಿತ್ತ ಬೆಂಗಳೂರು, ಮೈಸೂರು ಸೇರಿದ್ದಾರೆ. ಮೊಮ್ಮಕ್ಕಳು ರಜೆಗೆ ಬರುತ್ತಾರೆ. ವರ್ಷದಲ್ಲಿ ದೊರೆಯುವ ಈ ಕೆಲವೇ ದಿನಗಳನ್ನು ಹೇಗೆ ಬಳಸಬೇಕೆಂಬುದೇ ಪ್ರಕೃತ ಲೇಖನದ ವಿಷಯ. ಉಪದೇಶಕ್ಕೆ ಮುನ್ನ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಮಧ್ವನವಮಿಯ ಅಂಗವಾಗಿ ಮಕ್ಕಳಿಗೆ ಸ್ತೋತ್ರಪಠನ ಸ್ಪರ್ಧೆಯನ್ನು ಏರ್ಪಡಿಸಿದ್ದೆವು. ಏಳು ವರ್ಷದ ಒಂದು ಹೆಣ್ಣುಮಗು ದ್ವಾದಶಸ್ತೋತ್ರದ ಮೊದಲ ಅಧ್ಯಾಯವನ್ನು ಸ್ಫುಟವಾಗಿ ಆರಂಭಿಸಿ ನಡುವೆ ಮರೆತು ನಿಂತಿತು. ಸಭೆಯಲ್ಲಿ ಯಾರೋ ನಕ್ಕರು. ಕಾಲ ಮೀರುತ್ತಿದೆಯೆಂದು ನಾವು “ಮುಂದಿನವರು ಬನ್ನಿ” ಎಂದು ಕರೆದುಬಿಟ್ಟೆವು. ಮಗು ಇಳಿದು ಹೋಯಿತು. ಅನಂತರ ರಾಮನವಮಿಗೆ ಬರಲಿಲ್ಲ, ಕೃಷ್ಣಾಷ್ಟಮಿಗೂ ಬರಲಿಲ್ಲ. ಕಾರಣ ಕೇಳಿದಾಗ ಅದರ ಅಜ್ಜಿ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: “ನೋಡಪ್ಪ, ಸ್ಕೂಲಿನಲ್ಲಿ ಪರೀಕ್ಷೆ ಇದೆ ಅಂತ ಅವಳಿಗೆ ಗೊತ್ತಿತ್ತು. ದೇವರ ಹತ್ತಿರವೂ ಪರೀಕ್ಷೆ ಇದೆ ಅಂತ ನೀವು ಕಲಿಸಿಬಿಟ್ಟಿರಿ.”

ಅದೇ ವರ್ಷ ನವರಾತ್ರಿಯಲ್ಲಿ ಬೊಂಬೆ ನೋಡಲು ಅವರ ಮನೆಗೆ ಹೋಗಿದ್ದೆವು. ಒಳಕೋಣೆಯಲ್ಲಿ ಆ ಮಗು ಹತ್ತಿಯ ಬಟ್ಟೆಯಿಂದ ಪಟ್ಟದ ಬೊಂಬೆಗಳನ್ನು ಒರೆಸುತ್ತ ತನ್ನಷ್ಟಕ್ಕೆ ತಾನೇ ಸ್ತೋತ್ರವನ್ನು ಗುನುಗುತ್ತಿತ್ತು. ಅಂದು ಎಲ್ಲಿ ನಿಂತಿತ್ತೋ ಆ ಸ್ಥಳವನ್ನು ದಾಟಿ ಅಧ್ಯಾಯವನ್ನು ಮುಗಿಸಿತು. ನಾವು ಹೊರಗೆ ನಿಂತು ಕೇಳಿದೆವು. ಮಗುವಿಗೆ ಸ್ತೋತ್ರ ಬರುತ್ತಿತ್ತು. ನಾವು ನಿಲ್ಲಿಸಿದ ಜಾಗ ಸರಿಯಾಗಿರಲಿಲ್ಲ. ಕೈಗೆ ಕೆಲಸವಿದ್ದು, ಹತ್ತಿರ ತನ್ನವರಿದ್ದು, ಸೋಲುವ ಭಯವಿಲ್ಲದಿದ್ದಾಗ ಎಳೆಯ ಮನಸ್ಸು ತಾನಾಗಿ ಅರಳುತ್ತದೆ. ಮುಂದೆ ನಾವು ನಿವೇದಿಸುವುದೆಲ್ಲವೂ ಈ ಒಂದು ಮಾತಿನ ವಿಸ್ತಾರವೇ.

ಆಚಾರ್ಯರ ಬಾಲ್ಯ

ಶ್ರೀಮದಾಚಾರ್ಯರು ೧೨೩೮ರಲ್ಲಿ ಉಡುಪಿಯ ಸಮೀಪದ ಪಾಜಕದಲ್ಲಿ ಅವತರಿಸಿದರೆಂದು ನಂಬಿಕೆ. ಶ್ರೀ ನಾರಾಯಣಪಂಡಿತಾಚಾರ್ಯರು ತಮ್ಮ ಹದಿನಾರು ಸರ್ಗಗಳ ‘ಸುಮಧ್ವವಿಜಯ’ದಲ್ಲಿ ಆ ಬಾಲ್ಯವನ್ನು ವರ್ಣಿಸಿದ್ದಾರೆ. ಅಲ್ಲಿ ಬರುವ ಸಾಮಗ್ರಿಗಳನ್ನು ನೋಡಿ: ಅಳುವ ಕೂಸಿಗೆ ಅಕ್ಕ ತಿನ್ನಿಸಿದ ಬೆಂದ ಹುರುಳಿ, ಬಾಲಕನು ಬಾಲ ಹಿಡಿದುಕೊಂಡು ದಿನವೆಲ್ಲ ಕಾಡು ಸುತ್ತಿದ ಎತ್ತು, ತಂದೆಯ ಸಾಲ ತೀರಿಸಲು ಕೊಟ್ಟ ಹುಣಸೆಬೀಜ. ಎಲ್ಲವೂ ನಮ್ಮ ಅಡಿಗೆಮನೆಯಲ್ಲಿಯೂ ಹಟ್ಟಿಯಲ್ಲಿಯೂ ದೊರೆಯುವ ವಸ್ತುಗಳೇ.

ಇನ್ನೂ ಎರಡು ಪ್ರಸಂಗಗಳು ವಿಚಾರಯೋಗ್ಯವಾಗಿವೆ. ಅಕ್ಷರಾಭ್ಯಾಸದ ಮರುದಿನ ತಂದೆ ಅವೇ ಅಕ್ಷರಗಳನ್ನು ಬರೆದಾಗ, ನಿನ್ನೆ ಬರೆದುದನ್ನೇ ಮತ್ತೆ ಬರೆಯುವುದೇಕೆಂದು ಬಾಲಕನು ಕೇಳಿದನು. ಪುರಾಣಪ್ರವಚನದಲ್ಲಿ ‘ಲಿಕುಚ’ವೆಂಬ ಮರದ ಹೆಸರಿಗೆ ಅರ್ಥ ಹೇಳದೆ ಮುಂದುವರಿದಾಗ ಅದನ್ನೂ ಕೇಳಿದನು. ನಮ್ಮ ಮಕ್ಕಳ ಧಾರಣಶಕ್ತಿಯನ್ನು ಅವತಾರಪುರುಷರ ಶಕ್ತಿಗೆ ಹೋಲಿಸುವ ಅವಿವೇಕ ನಮ್ಮದಲ್ಲ. ಆದರೆ ಇಂದು ಉಪನ್ಯಾಸದ ನಡುವೆ ಮಗುವೊಂದು ಒಂದು ಮರದ ಹೆಸರಿನ ಅರ್ಥ ಕೇಳಿದರೆ ನಾವು ಮಾಡುವುದೇನು? “ಶ್! ಸುಮ್ಮನಿರು” ಎನ್ನುತ್ತೇವೆ. ಆ ಪ್ರಶ್ನೆಯನ್ನು ಕಾವ್ಯದಲ್ಲಿ ಕೊಂಡಾಡುವ ನಾವು ಸಭಾಂಗಣದಲ್ಲಿ ಅದಕ್ಕೆ ಎಡೆಗೊಡುವುದಿಲ್ಲ.

ಇನ್ನು ಕುಟುಂಬಗಳು ಕೂಡಿ ಆಚರಿಸಬಹುದಾದ ಕೆಲವು ವಿನೋದಗಳನ್ನು ನಿರೂಪಿಸುತ್ತೇವೆ.

೧. ತಟ್ಟೆಯ ಕಥೆ

ಒಂದು ತಟ್ಟೆಯಲ್ಲಿ ಹುರುಳಿಕಾಳು, ಹುಣಸೆಬೀಜ, ಮಣ್ಣಿನ ಅಥವಾ ಮರದ ಎತ್ತು, ಒಂದು ಬಳಪ ಇವನ್ನಿಡಿ. ಮಗು ತನಗೆ ಬೇಕಾದುದನ್ನು ಎತ್ತಿಕೊಳ್ಳಲಿ. ಎತ್ತಿಕೊಂಡ ವಸ್ತುವಿನ ಕಥೆಯನ್ನು ಮೊದಲ ಸಲ ಅಜ್ಜಿ ಹೇಳಲಿ, ಎರಡನೆಯ ಸಲ ಮಗು ಹೇಳಲಿ. ತಪ್ಪಿದರೆ ಪಕ್ಕದವರು ಸೇರಿಸಲಿ. ಬಹುಮಾನ ಬೇಡ; ಬೆಂದ ಹುರುಳಿಯ ಉಸಲಿಯನ್ನು ಎಲ್ಲರೂ ಹಂಚಿಕೊಂಡು ತಿನ್ನಲಿ. ನಾಲ್ಕು ವರ್ಷದ ಕೂಸೂ ಇದರಲ್ಲಿ ಸೇರಬಹುದು.

೨. ಚೌಕಾಬಾರ

ಹುಣಸೆಬೀಜವನ್ನು ಒಂದು ಮಗ್ಗುಲು ಕಲ್ಲಿನ ಮೇಲೆ ತೇಯ್ದರೆ ಬಿಳಿಯಾಗುತ್ತದೆ. ಇಂತಹ ನಾಲ್ಕು ಬೀಜಗಳೂ, ಐದೈದು ಮನೆಗಳ ಇಪ್ಪತ್ತೈದು ಚೌಕಗಳೂ ಇದ್ದರೆ ಆಟ ಸಿದ್ಧ. ಬೀಜ ಎಸೆದಾಗ ಬಿಳಿಯ ಮಗ್ಗುಲು ಎಷ್ಟು ಮೇಲಾಗುತ್ತದೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಪ್ಪಾದರೆ ಎಂಟು; ಈ ಎರಡಕ್ಕೂ ಮತ್ತೊಂದು ಸಲ ಎಸೆಯುವ ಹಕ್ಕು ಉಂಟು. ಹೊರಸುತ್ತನ್ನು ಮುಗಿಸಿ, ಒಳಸುತ್ತನ್ನು ಹೊಕ್ಕು, ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುತ್ತದೆ. ಎಣಿಕೆ, ಕೂಡಿಕೆ, ಸರದಿಗೆ ಕಾಯುವ ತಾಳ್ಮೆ, ಕಾಯಿ ಕಡಿಸಿಕೊಂಡರೂ ಮುನಿಯದಿರುವ ಮನಸ್ಸು, ಇಷ್ಟನ್ನೂ ಮಗು ಆಡುತ್ತಾಡುತ್ತಲೇ ಕಲಿಯುತ್ತದೆ.

ಇದು ದ್ಯೂತವಲ್ಲವೇ, ಧರ್ಮರಾಜನಿಗೆ ಒದಗಿದ ಗತಿಯನ್ನು ಮರೆತಿರಾ ಎಂದು ಹಿರಿಯರೊಬ್ಬರು ನಮ್ಮನ್ನು ಆಕ್ಷೇಪಿಸಿದರು. ಪಣವಿದ್ದಲ್ಲಿ ದ್ಯೂತ, ಪಣವಿಲ್ಲದಲ್ಲಿ ವಿನೋದ ಎಂದು ಸಮಾಧಾನ ಹೇಳಿದೆವು. ಪಣವಿಡಬಾರದೆಂಬುದೇ ಮಕ್ಕಳಿಗೆ ಕಲಿಸಬೇಕಾದ ಮೊದಲ ನಿಯಮ. ಧರ್ಮರಾಜನ ಕಥೆಯನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಯಾವುದು? ಆಟ ಮುಗಿದ ಮೇಲೆ ಅವೇ ಬೀಜಗಳನ್ನು ಅಂಗೈಯಲ್ಲಿಟ್ಟುಕೊಂಡು ಆಚಾರ್ಯರ ಕಥೆಯನ್ನೂ ಹೇಳಬಹುದು. ಸಾಲಗಾರನು ಮನೆ ಬಾಗಿಲಲ್ಲಿ ಕುಳಿತನು. ಬಾಲಕನು ಹುಣಸೆಬೀಜ ಕೊಟ್ಟನು. ಅವನು ಸಂತೋಷದಿಂದ ಸ್ವೀಕರಿಸಿ ಹೋದನು. ಮುಂದೆ ತಂದೆ ಹಣ ಕೊಡಹೋದಾಗ, ತನಗೆ ಆಗಲೇ ಸಂದಿದೆಯೆಂದನು. ಬರಿಯ ಬೀಜಕ್ಕೆ ಅಷ್ಟು ಬೆಲೆ ಹೇಗೆ ಬಂತೆಂದು ಮಗು ಕೇಳಿಯೇ ಕೇಳುತ್ತದೆ. ಆಗ ಅವಸರಪಡದೆ ಉತ್ತರಿಸಿ.

೩. ನಾವು ಎಲ್ಲಿದ್ದೇವೆ?

ಸಂಕಲ್ಪದಲ್ಲಿ ದೇಶಕಾಲಗಳನ್ನು ಹೇಳುತ್ತೇವಷ್ಟೆ. ಜಂಬೂದ್ವೀಪದಿಂದ ತೊಡಗಿ ಗೋದಾವರಿಯ ದಕ್ಷಿಣತೀರದವರೆಗೆ ಬಂದು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾಸರಗಳನ್ನು ಉಚ್ಚರಿಸುತ್ತೇವೆ. ದೇವರ ಮುಂದೆ ನಮ್ಮ ವಿಳಾಸವನ್ನು ಹೇಳಿಕೊಳ್ಳುವ ಕ್ರಮವಿದು. ಮಗುವಿಗೆ ಇದು ಬಲು ರುಚಿಸುವ ವಿಷಯ.

ದೇವಸ್ಥಾನದ ಅಂಗಳದಲ್ಲಿ ರಂಗೋಲಿಯಿಂದ ಎರಡು ನದಿಗಳನ್ನು ಬರೆಯಿಸಿ. ಚಿಕ್ಕಮಗಳೂರು ಸೀಮೆಯ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಜಲಾಶಯದಲ್ಲಿ ನಿಂತು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿ ಒಂದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಿಯುವ ಕಾವೇರಿ ಇನ್ನೊಂದು. ಎರಡೂ ಕೃಷ್ಣರಾಜಸಾಗರದ ಬಳಿ ಒಂದಾಗುವಂತೆ ಗೆರೆ ಕೂಡಿಸಲಿ. ಹಾಸನದ ಮಕ್ಕಳು ಹಾಸನಾಂಬೆಯ ಗುಡಿಯನ್ನೂ, ಚನ್ನರಾಯಪಟ್ಟಣದ ಮಕ್ಕಳು ತಮ್ಮ ಕೆರೆಯನ್ನೂ ಸೇರಿಸಲಿ. ಬಳಿಕ ಪ್ರತಿಯೊಂದು ಮಗುವೂ ತನ್ನ ಊರಿನ ಮೇಲೆ ನಿಂತು ಆ ದಿನದ ಮಾಸ, ಪಕ್ಷ, ತಿಥಿಗಳನ್ನು ಹೇಳಲಿ.

ತಿಥಿಯನ್ನು ಪಂಚಾಂಗದಿಂದ ಮಾತ್ರವಲ್ಲದೆ ಆಕಾಶದಿಂದಲೂ ಕಲಿಸಬಹುದು. ಸೂರ್ಯಾಸ್ತದ ವೇಳೆಗೆ ಅರ್ಧಚಂದ್ರ ನೆತ್ತಿಯ ಸಮೀಪದಲ್ಲಿದ್ದರೆ ಶುಕ್ಲಪಕ್ಷದ ಅಷ್ಟಮಿಯ ಆಸುಪಾಸು. ಪೂರ್ವದಲ್ಲಿ ತುಂಬುಚಂದ್ರ ಮೂಡುತ್ತಿದ್ದರೆ ಹುಣ್ಣಿಮೆ. ಕೃಷ್ಣಪಕ್ಷದ ಅಷ್ಟಮಿಯಲ್ಲಿ ಚಂದ್ರೋದಯವಾಗುವುದು ನಡುರಾತ್ರಿಯ ಸುಮಾರಿಗೆ. ಕೃಷ್ಣಾಷ್ಟಮಿಯಂದು ಅರ್ಘ್ಯಕ್ಕಾಗಿ ಅಷ್ಟು ಹೊತ್ತು ಏಕೆ ಎಚ್ಚರವಿರುತ್ತೇವೆಂಬುದು ಆಗ ಮಗುವಿಗೆ ತಾನಾಗಿ ತಿಳಿಯುತ್ತದೆ. ಒಮ್ಮೆಯಾದರೂ ಆ ಚಂದ್ರನನ್ನು ಮಗುವಿಗೆ ಮನೆಯ ಮಾಳಿಗೆಯಿಂದ ತೋರಿಸಿ.

೪. ಗೋಡೆಯನ್ನು ಓದುವುದು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ೧೨೪೬ರಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣನು ಕಟ್ಟಿಸಿದನು. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ ಮೂರು ಗರ್ಭಗೃಹಗಳಲ್ಲಿ ಸನ್ನಿಹಿತರು. ಆಚಾರ್ಯರು ಧರೆಯಲ್ಲಿ ಸಂಚರಿಸುತ್ತಿದ್ದ ಕಾಲದಲ್ಲಿಯೇ ಎದ್ದ ಗುಡಿ ಇದೆಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ.

ಇಲ್ಲಿಗೆ ನಾಲ್ಕಾರು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗಬಹುದು. ಗೋಡೆಯ ಕೆಳಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣಕಥೆಗಳು, ಮಕರ, ಹಂಸ ಹೀಗೆ ಸಾಲುಗಳು ಏರುತ್ತವೆ. ಚಿಕ್ಕವರಿಗೆ ಆನೆ ಎಣಿಸುವ ಕೆಲಸ. ದೊಡ್ಡವರಿಗೆ ಭಾಗವತದ ಕಥೆಗಳನ್ನು ಗುರುತಿಸುವ ಕೆಲಸ. ಅಕ್ಷರ ಬಲ್ಲವರಿಗೆ ಶಿಲ್ಪಿಯ ಹೆಸರನ್ನು ಹುಡುಕುವ ಕೆಲಸ. ವಿಗ್ರಹಗಳನ್ನು ಮುಟ್ಟದೆ, ಪ್ರದಕ್ಷಿಣಾಕಾರವಾಗಿಯೇ ನಡೆಯಬೇಕೆಂಬ ನಿಯಮವಿರಲಿ. ಬೇಲೂರು, ಹಳೆಬೀಡು, ಸೋಮನಾಥಪುರಗಳ ದೇವಾಲಯಗಳನ್ನು ೨೦೨೩ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿಯ ಜನಸಂದಣಿ ನುಗ್ಗೇಹಳ್ಳಿಯಲ್ಲಿಲ್ಲ. ಮಗುವಿಗೆ ನಿಂತು ನೋಡಲು ಅವಕಾಶವುಂಟು.

೫. ಹಬ್ಬದಲ್ಲಿ ಒಂದು ಪಾಲು

ಅರ್ಚಕರಾಗಿದ್ದ ನಮ್ಮ ತೀರ್ಥರೂಪರು ನಮಗೆ ಐದನೆಯ ವಯಸ್ಸಿನಲ್ಲಿ ವಹಿಸಿದ ಮೊದಲ ಕೆಲಸ ತುಳಸಿಯ ದಳಗಳನ್ನು ಆರಿಸುವುದು. ಹುಳು ಹಿಡಿದುದು ಬೇರೆ, ಒಣಗಿದುದು ಬೇರೆ, ದೇವರಿಗೆ ಯೋಗ್ಯವಾದುದು ಬೇರೆ. ನಾವು ಆರಿಸಿದುದನ್ನು ಅವರು ಮತ್ತೊಮ್ಮೆ ಆರಿಸುತ್ತಿದ್ದರೆಂಬುದು ಬಹುಕಾಲದ ಮೇಲೆ ತಿಳಿಯಿತು. ಆದರೆ ನಮ್ಮೆದುರಿಗೆ ಎಂದೂ ಹಾಗೆ ಮಾಡಲಿಲ್ಲ.

ಪ್ರತಿಯೊಂದು ಹಬ್ಬದಲ್ಲಿಯೂ ಮಗುವಿಗೆ ಇಂತಹ ಒಂದು ಪಾಲನ್ನು ಕೊಡಬಹುದು. ರಾಮನವಮಿಯಲ್ಲಿ ಪಾನಕ ಹಂಚುವುದು. ಕೃಷ್ಣಾಷ್ಟಮಿಯಲ್ಲಿ ಅಕ್ಕಿಹಿಟ್ಟಿನಿಂದ ಬಾಗಿಲಿನಿಂದ ದೇವರಮನೆಯವರೆಗೆ ಪುಟ್ಟ ಹೆಜ್ಜೆಗಳನ್ನು ಮೂಡಿಸುವುದು. ನವರಾತ್ರಿಯಲ್ಲಿ ಬೊಂಬೆಗಳನ್ನು ಒರೆಸಿ ಹಿರಿಯರೊಡನೆ ಜೋಡಿಸುವುದು. ಉತ್ಥಾನದ್ವಾದಶಿಯಲ್ಲಿ ತುಳಸಿಯ ಪಕ್ಕಕ್ಕೆ ನೆಲ್ಲಿಯ ಕೊಂಬೆಯನ್ನು ತರುವುದು. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳನ್ನು ಅಳೆದು ಬೆರೆಸಿ ನೆರೆಮನೆಗಳಿಗೆ ಬೀರುವುದು. ಕೆಲಸ ಓರೆಕೋರೆಯಾದೀತು, ಹಿಟ್ಟು ಚೆಲ್ಲೀತು. ಅಡ್ಡಿಯಿಲ್ಲ.

ತಿಂಗಳಿಗೊಮ್ಮೆ

ಒಂದೊಂದು ಊರಿನಲ್ಲಿಯೂ ತಿಂಗಳಿಗೊಂದು ಭಾನುವಾರ ಐದಾರು ಕುಟುಂಬಗಳು ಒಂದೂವರೆ ಗಂಟೆ ಸೇರಿದರೆ ಸಾಕು. ಮೊದಲು ಒಂದು ಸ್ತೋತ್ರ, ಎಲ್ಲರೂ ಒಟ್ಟಿಗೆ, ಯಾರೊಬ್ಬರನ್ನೂ ಎಬ್ಬಿಸಿ ನಿಲ್ಲಿಸದೆ. ಅನಂತರ ಕೈಕೆಲಸ ಅಥವಾ ಆಟ. ಆಮೇಲೆ ಕಥೆ, ಕಥೆಯ ನಡುವೆ ಪ್ರಶ್ನೆಗೆ ಅವಕಾಶ. ಕೊನೆಗೆ ಫಲಾಹಾರ. ತಂದೆತಾಯಿಯರು ಮಕ್ಕಳನ್ನು ಬಿಟ್ಟು ಹೋಗದೆ ಅವರೊಡನೆಯೇ ನೆಲದ ಮೇಲೆ ಕುಳಿತುಕೊಳ್ಳಬೇಕು. ಮಗುವಿಗೆ ತಿಳಿಯದುದು ಅನೇಕ ವೇಳೆ ತಂದೆಗೂ ತಿಳಿದಿರುವುದಿಲ್ಲ. ಇಬ್ಬರೂ ಒಟ್ಟಿಗೆ ಕಲಿತರೆ ಇಬ್ಬರಿಗೂ ಸಂಕೋಚವಿಲ್ಲ. ಮೊಬೈಲುಗಳು ಪಾದರಕ್ಷೆಗಳೊಡನೆ ಹೊರಗಿರಲಿ.

ಸ್ಪರ್ಧೆಗಳು ಸರ್ವಥಾ ಕೂಡದೆಂದು ನಾವು ಹೇಳುವುದಿಲ್ಲ. ಬೆಳೆದ ಮಕ್ಕಳಿಗೆ ಅವು ಉತ್ಸಾಹ ತರುತ್ತವೆ. ಹತ್ತು ವರ್ಷದ ಕೆಳಗಿನವರಿಗೆ ಮಾತ್ರ ಬೇಡವೆಂದು ಅನುಭವದಿಂದ ವಿಜ್ಞಾಪಿಸುತ್ತೇವೆ.

ಮೇಲೆ ಹೇಳಿದ ಮಗು ಕಳೆದ ಮಧ್ವನವಮಿಗೆ ದೇವಸ್ಥಾನಕ್ಕೆ ಬಂದಿತ್ತು. ವೇದಿಕೆಯನ್ನು ಏರಲಿಲ್ಲ, ನಾವೂ ಕರೆಯಲಿಲ್ಲ. ಜಗುಲಿಯ ಮೂಲೆಯಲ್ಲಿ ತನಗಿಂತ ಚಿಕ್ಕವರಾದ ಇಬ್ಬರನ್ನು ಕೂರಿಸಿಕೊಂಡು, ಹುಣಸೆಬೀಜವನ್ನು ಕಲ್ಲಿಗೆ ಹೇಗೆ ತೇಯಬೇಕೆಂದು ತೋರಿಸಿಕೊಡುತ್ತಿತ್ತು. ಬೀಜ ಬಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಅದು ಅವರಿಗೆ ಸಾಲದ ಕಥೆಯನ್ನು ಹೇಳಿ ಮುಗಿಸಿತು.

॥ ಶ್ರೀಕೃಷ್ಣಾರ್ಪಣಮಸ್ತು ॥