ಯಾರು ಬ್ಯಾಡ ಅಂದಾರ?

ಅಕ್ಕಾ,

ನನಗೆ ಮೂವತ್ತೊಂಬತ್ತು. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿದ್ದೇನೆ, ಪಕ್ಕದ ತಾಲ್ಲೂಕಿನ ಬ್ಯಾಂಕಿನಲ್ಲಿ ಕ್ಯಾಷಿಯರ್. ಮನೆಯವರದು ಬೀಜ, ಗೊಬ್ಬರದ ಅಂಗಡಿ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಆಗಬೇಕು.

ಕಾಲೇಜಿನಲ್ಲಿದ್ದಾಗ ಕತೆ ಬರೆಯುತ್ತಿದ್ದೆ, ಕೆಲವು ಅಚ್ಚಾಗಿದ್ದವು. ಮದುವೆಯಾದ ಮೇಲೆ ಎಲ್ಲ ನಿಂತಿತು. ಎರಡು ವರ್ಷದ ಹಿಂದೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳ ಮೇಲೆ ಕಾದಂಬರಿ ಶುರುಮಾಡಿದೆ. ನಲವತ್ತು ಪುಟವಾಗಿದೆ, ಮುಂದೆ ಹೋಗುತ್ತಿಲ್ಲ. ಐದಕ್ಕೆ ಎದ್ದು ರೊಟ್ಟಿ, ಪಲ್ಯ, ಡಬ್ಬಿ, ನಲ್ಲಿ ನೀರು. ಆಮೇಲೆ ಬಸ್ಸು. ಸಂಜೆ ಬಂದರೆ ಹೋಂವರ್ಕು, ಅಡುಗೆ, ಅತ್ತೆಯ ಕಾಲಿಗೆ ಎಣ್ಣೆ. ರಾತ್ರಿ ನೋಟ್‌ಬುಕ್ ತೆಗೆದರೆ ಬರೆದದ್ದನ್ನು ಮೊದಲಿನಿಂದ ಓದುತ್ತೇನೆ, ಅಲ್ಲಲ್ಲಿ ತಿದ್ದುತ್ತೇನೆ, ಅಷ್ಟರಲ್ಲಿ ಯಾರಾದರೂ ಕರೆಯುತ್ತಾರೆ, ಇಲ್ಲವೇ ಕಣ್ಣು ಮುಚ್ಚಿ ಬರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಏಳಿ ಎಂದು ಎಲ್ಲರೂ ಹೇಳುತ್ತಾರೆ. ಎದ್ದು ನೋಡಿದೆ. ತಲೆನೋವು ಹಿಡಿಯಿತು. ಒಂದು ದಿನ ಕ್ಯಾಷ್ ತಾಳೆಯಾಗದೆ ಐನೂರು ರೂಪಾಯಿ ಕೈಯಿಂದ ಕಟ್ಟಿದೆ.

ನಮ್ಮನೆಯವರು ಕೆಟ್ಟವರಲ್ಲ. ಕೇಳಿದರೆ ‘ಬರೀ, ಯಾರು ಬ್ಯಾಡ ಅಂದಾರ?’ ಅಂತಾರೆ. ಆದರೂ ಬರೆಯಲು ಕೂತರೆ ಏನೋ ಕದ್ದ ಹಾಗೆ ಅನ್ನಿಸುತ್ತದೆ. ಸಮಯ ಎಲ್ಲಿಂದ ತರಲಿ? ಆ ನಲವತ್ತು ಪುಟ ಹರಿದುಹಾಕಿ ಹೊಸದಾಗಿ ಶುರುಮಾಡಲೇ? ಇಲ್ಲ, ಮಕ್ಕಳು ದೊಡ್ಡವರಾಗುವವರೆಗೆ ಬಿಟ್ಟುಬಿಡಲೇ?

– ಹೆಸರು ಬೇಡ

ತಂಗೀ,

ನಿಮ್ಮ ಪತ್ರದಲ್ಲಿ ಎರಡು ಕಡೆ ಪೆನ್ಸಿಲ್ ಗೆರೆ ಎಳೆದೆ. ಒಂದು, ಮನೆಯವರ ಮಾತಿನ ಕೆಳಗೆ. ಇನ್ನೊಂದು, ನೋಟ್‌ಬುಕ್ ತೆಗೆದಾಗಲೆಲ್ಲ ಮೊದಲಿನಿಂದ ಓದುತ್ತೇನೆ ಎಂದಿರಲ್ಲ, ಅದರ ಕೆಳಗೆ. ಕೇಳಿದ್ದು ಸಮಯದ ಬಗ್ಗೆ ನಿಜ. ಸಮಯ ಕಡಿಮೆ ಇರುವುದೂ ನಿಜ. ಆದರೆ ನಾಳೆ ಯಾರೋ ನಿಮ್ಮ ಕೈಗೆ ದಿನಕ್ಕೊಂದು ಗಂಟೆ ಇಟ್ಟರೂ ಈ ಎರಡು ತೊಡಕು ಹಾಗೇ ಉಳಿದರೆ ಕಾದಂಬರಿ ನಲವತ್ತೊಂದನೇ ಪುಟಕ್ಕೆ ಹೋಗುವುದಿಲ್ಲ.

ಅದಕ್ಕೆ ಮೊದಲು ಒಂದು ಮಾತು. ನಾಲ್ಕಕ್ಕೆ ಏಳುವುದನ್ನು ಇವತ್ತೇ ಬಿಡಿ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಬರೆದವರ ಕತೆಗಳನ್ನು ನಾನೂ ಬಹಳ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಆರು ಗಂಟೆಗೆ ಕಾಫಿ ಇನ್ಯಾರೋ ತಂದುಕೊಡುತ್ತಿದ್ದರು. ನೀವು ಮಲಗುವುದೇ ಹನ್ನೊಂದಕ್ಕೆ ಎಂದು ಲೆಕ್ಕ ಹಾಕಿದರೂ ನಾಲ್ಕಕ್ಕೆ ಎದ್ದರೆ ಐದು ಗಂಟೆ ನಿದ್ದೆ. ಇಡೀ ದಿನ ನೋಟು ಎಣಿಸುವ ಕೆಲಸ ನಿಮ್ಮದು, ಅದು ಸಾಲುವುದಿಲ್ಲ. ಹಾಗೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ. ಈ ವಯಸ್ಸಿನ ಹೆಂಗಸರು ಸೋಮಾರಿತನ ಎಂದು ತಮ್ಮನ್ನೇ ಬೈದುಕೊಳ್ಳುವ ಎಷ್ಟೋ ಸುಸ್ತು ರಕ್ತಹೀನತೆಯದ್ದಾಗಿರುತ್ತದೆ. ಎಲ್ಲರ ಮಾತ್ರೆಯ ಹೊತ್ತು ನೆನಪಿಡುವವರು ತಮ್ಮದನ್ನು ಮರೆಯುವುದೇ ಹೆಚ್ಚು.

ಈಗ ಆ ನೋಟ್‌ಬುಕ್ಕಿಗೆ ಬರೋಣ. ಮೊದಲ ಪುಟದಿಂದ ಓದಲು ಕೂತರೆ ನಲವತ್ತು ಪುಟಕ್ಕೆ ಕಡಿಮೆಯೆಂದರೂ ಮುಕ್ಕಾಲು ಗಂಟೆ ಬೇಕು, ತಿದ್ದುತ್ತಾ ಓದಿದರೆ ಇನ್ನೂ ಹೆಚ್ಚು. ನಿಮಗೆ ಸಿಗುವ ಹೊತ್ತು ಅದಕ್ಕೇ ಮುಗಿಯಿತು. ಕಾದಂಬರಿ ಮುಂದೆ ಹೋಗುತ್ತಿಲ್ಲ ಎನ್ನುತ್ತೀರಿ. ನನಗೆ ಕಾಣುವಂತೆ ನೀವು ಎರಡು ವರ್ಷದಿಂದ ಮೊದಲ ಅಧ್ಯಾಯ ತಿದ್ದುತ್ತಿದ್ದೀರಿ. ಅದರಲ್ಲಿ ಒಂದು ಸುಖವಿದೆ, ಒಪ್ಪುತ್ತೇನೆ. ತಿದ್ದುವುದಕ್ಕೆ ಧೈರ್ಯ ಬೇಕಾಗಿಲ್ಲ, ಖಾಲಿ ಪುಟಕ್ಕೆ ಬೇಕು. ಆದ್ದರಿಂದ ಆ ನಲವತ್ತು ಪುಟಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಬಿಡಿ, ಬ್ಯಾಂಕಿನಲ್ಲಿ ಅದಕ್ಕೇನು ಬರ. ಕೊನೆಯ ಒಂದು ಪ್ಯಾರಾ ಮಾತ್ರ ಓದಿ ಮುಂದಿನ ಸಾಲು ಬರೆಯಿರಿ. ಹಿಂದಿನದರಲ್ಲಿ ಏನಾದರೂ ತಪ್ಪು ನೆನಪಾದರೆ, ‘ಮೂರನೇ ಅಧ್ಯಾಯದಲ್ಲಿ ಸೀರೆ ಬಣ್ಣ ಬದಲಿಸು’ ಎಂದು ಪಕ್ಕದಲ್ಲಿ ಗುರುತು ಹಾಕಿ ಮುಂದೆ ಹೋಗಿ.

ನಿಲ್ಲಿಸುವುದಕ್ಕೂ ಒಂದು ರೀತಿ ಇದೆ. ನಾವೆಲ್ಲ ಒಂದು ಸನ್ನಿವೇಶ ಮುಗಿಸಿ, ನಿಟ್ಟುಸಿರು ಬಿಟ್ಟು ಪೆನ್ನು ಮುಚ್ಚುತ್ತೇವೆ. ನಾಲ್ಕು ದಿನ ಬಿಟ್ಟು ತೆರೆದಾಗ ಮುಂದೇನು ಎಂದು ಹೊಳೆಯುವುದಿಲ್ಲ, ಮತ್ತೆ ಮೊದಲಿನಿಂದ ಓದುವುದು ಶುರು. ಹಾಗೆ ಮಾಡಬೇಡಿ. ಇವತ್ತಿನ ಮೊಸರಿನಲ್ಲಿ ನಾಳೆಗೆ ಹೆಪ್ಪು ಎತ್ತಿಡುತ್ತೀರಲ್ಲ, ಹಾಗೆ ಮುಂದಿನ ಸಾಲು ಗೊತ್ತಿರುವಾಗಲೇ ನಿಲ್ಲಿಸಿ. ಅವಳು ಚೀಲ ಹೊತ್ತು ದಲಾಲಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಳೆ, ಒಳಗೆ ಯಾರಿದ್ದಾರೆ ಎಂದು ನಿಮಗೆ ಗೊತ್ತು. ಅಲ್ಲೇ ಬಿಡಿ. ಕೆಳಗೆ ಒಂದು ಸಾಲು: ‘ಒಳಗೆ ತಮ್ಮ ಕೂತಿದ್ದಾನೆ, ಹಣದ ಮಾತು.’ ಮುಂದಿನ ಸಲ ಕೂತ ತಕ್ಷಣ ಕೈ ಓಡುತ್ತದೆ. ಕೆಲಸದವರಿಗೆ ಸಿಗುವ ಸಮಯ ತುಂಡುತುಂಡಾಗಿಯೇ ಇರುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬುದಷ್ಟೇ ಕಲಿಯಬೇಕಾದದ್ದು.

ಬಸ್ಸಿನ ವಿಷಯ ನೀವು ಹೆಚ್ಚೇನೂ ಬರೆದಿಲ್ಲ, ನಾನೇ ಊಹಿಸುತ್ತೇನೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಹೋಯಿತು. ಕಂಬ ಹಿಡಿದು ನಿಂತು ಬರೆಯಲು ಯಾರಿಂದಲೂ ಆಗದು, ಯತ್ನವನ್ನೂ ಮಾಡಬೇಡಿ. ಆದರೆ ಆ ಹೊತ್ತಿನಲ್ಲಿ ಫೋನ್ ಬ್ಯಾಗಿನಲ್ಲಿ ಇದ್ದರೆ, ಮೆಟ್ಟಿಲ ಮೇಲೆ ಬಿಟ್ಟುಬಂದ ಆ ಹೆಂಗಸು ತಾನಾಗಿಯೇ ತಲೆಯೊಳಗೆ ಬರುತ್ತಾಳೆ. ಇಳಿದ ಮೇಲೆ ಬ್ಯಾಂಕಿನ ಬಾಗಿಲಿಗೆ ಹೋಗುವ ಮುಂಚೆ ಹೊಳೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಈಗ ಫೋನಿಗೆ ಕನ್ನಡದಲ್ಲಿ ಹೇಳಿದರೂ ಅದೇ ಟೈಪ್ ಮಾಡಿಕೊಳ್ಳುತ್ತದೆ. ಕೈ ಹಿಟ್ಟಾಗಿರುವಾಗ ಹೊಳೆಯುವ ಸಾಲುಗಳಿಗೂ ಇದೇ ದಾರಿ. ಅದು ‘ದಲಾಲಿ’ಯನ್ನು ಏನೇನೋ ಮಾಡಿಕೊಂಡೀತು, ನಕ್ಕು ಸರಿಮಾಡಿ.

ಇನ್ನು ಮನೆಯವರ ಮಾತು.

‘ಯಾರು ಬ್ಯಾಡ ಅಂದಾರ?’ ಎನ್ನುವುದು ಕೆಟ್ಟ ಮಾತಲ್ಲ, ಅಡ್ಡಿಯ ಮಾತೂ ಅಲ್ಲ. ಆದರೆ ಅದರಲ್ಲಿ ಅವರು ಬಿಟ್ಟುಕೊಟ್ಟದ್ದು ಏನೂ ಇಲ್ಲ. ರೊಟ್ಟಿ ಆಗಲಿ, ಮಾತ್ರೆ ಆಗಲಿ, ಹೋಂವರ್ಕ್ ಆಗಲಿ, ಅದೆಲ್ಲ ಮುಗಿದು ಹೊತ್ತು ಮಿಕ್ಕರೆ ಬರೆ ಎಂದು ಅರ್ಥ. ಮನೆಯಲ್ಲಿ ಹೊತ್ತು ಮಿಗುವುದಿಲ್ಲ, ಅದು ಅವರಿಗೂ ಗೊತ್ತು. ಬರೆಯುವುದು ಹಾಗಾಗಿ ನಿಮ್ಮ ನಿದ್ದೆಯ ಲೆಕ್ಕಕ್ಕೆ ಬೀಳುತ್ತದೆ, ಕದ್ದ ಹಾಗೆ ಅನ್ನಿಸುವುದೂ ಅದಕ್ಕೇ. ಒಪ್ಪಿಗೆ ಕೇಳುವುದನ್ನು ನಿಲ್ಲಿಸಿ, ಅದು ಸಿಕ್ಕಾಗಿದೆ. ಇನ್ನು ಹೊತ್ತು ಕೇಳಿ, ವಾರ, ಗಂಟೆ ಹೆಸರಿಸಿ ಕೇಳಿ. ‘ಸ್ವಲ್ಪ ಸಹಾಯ ಮಾಡ್ರಿ’ ಎಂದರೆ ಆಗಲಿ ಎನ್ನುತ್ತಾರೆ, ಯಾವ ದಿನವೂ ಆಗುವುದಿಲ್ಲ. ‘ಮಂಗಳವಾರ, ಶುಕ್ರವಾರ ರಾತ್ರಿ ಎಂಟೂವರೆಯಿಂದ ಒಂಬತ್ತೂಕಾಲರ ತನಕ ಹುಡುಗನ ಹೋಂವರ್ಕ್, ಅವ್ವನ ಮಾತ್ರೆ ನಿಮ್ಮದು, ನಾನು ಒಳಗಿನ ಕೋಣೆಯಲ್ಲಿ ಇರತೀನಿ’ ಎಂದರೆ ಹೌದು ಇಲ್ಲ ಎರಡರಲ್ಲಿ ಒಂದನ್ನು ಹೇಳಲೇಬೇಕು. ಗಣಿತ ಬರುವುದಿಲ್ಲ ಎಂದರೆ ನಂಬಬೇಡಿ. ಇಡೀ ಊರಿನ ಗೊಬ್ಬರದ ಉದ್ರಿ ಲೆಕ್ಕ ಇಡುವವರಿಗೆ ನಾಲ್ಕನೇ ಕ್ಲಾಸಿನ ಗಣಿತ ಎಷ್ಟರದು!

ಮೊದಲ ಕೆಲವು ವಾರ ಬಾಗಿಲು ಬಡಿಯುತ್ತಾರೆ. ಚಾರ್ಜರ್ ಎಲ್ಲಿ, ತುಪ್ಪದ ಡಬ್ಬಿ ಎಲ್ಲಿ. ಒಳಗಿನಿಂದಲೇ ‘ಒಂಬತ್ತೂಕಾಲಕ್ಕೆ ಹೇಳತೀನಿ’ ಎನ್ನಿ, ಎದ್ದು ಹೋಗಬೇಡಿ. ಮಾತ್ರೆಯ ವಿಷಯಕ್ಕಾದರೆ ಏಳಿ. ತುಪ್ಪದ ಡಬ್ಬಿ ಹುಡುಕಿದರೆ ಸಿಗುತ್ತದೆ.

ರೊಟ್ಟಿಯ ಬಗ್ಗೆ ಹೇಳಿದರೆ ನನ್ನನ್ನು ಬೈಯುವ ಓದುಗರಿದ್ದಾರೆ, ಇರಲಿ. ದಿನಾ ಬಿಸಿ ರೊಟ್ಟಿ ಬಡಿಯಲೇಬೇಕು ಎಂಬ ಕಾನೂನು ಯಾರೂ ಮಾಡಿಲ್ಲ. ನಿಮ್ಮ ಸೀಮೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಊರೂರಿಗೆ ಇದ್ದಾರೆ, ವಾರಗಟ್ಟಲೆ ಕೆಡುವುದಿಲ್ಲ. ವಾರಕ್ಕೆ ಎರಡು ಬೆಳಗು ಅದು ನಡೆಯಲಿ. ಅತ್ತೆಯವರ ಹಲ್ಲಿಗೆ ಗಟ್ಟಿಯಾದರೆ ಅವರೊಬ್ಬರಿಗೆ ಎರಡು ಮೆತ್ತನೆಯದು ಬಡಿಯಿರಿ. ಉಳಿದ ಅರ್ಧ ಗಂಟೆಯನ್ನು ಇನ್ನೊಂದು ಪಲ್ಯಕ್ಕೆ ಹಾಕಬೇಡಿ.

ನೀವು ಬ್ಯಾಂಕಿನವರು ಎಂದಾಗ ನನಗೆ ಹೊಳೆದದ್ದು ಶನಿವಾರ. ಎರಡನೆಯದು, ನಾಲ್ಕನೆಯದು ನಿಮಗೆ ರಜೆ. ಅಂಗಡಿ ತೆರೆದಿರುತ್ತದೆ. ಮಕ್ಕಳಿಗೆ ಬೆಳಗಿನ ಶಾಲೆ ಇರುವ ಶನಿವಾರವಾದರೆ ಮನೆಯಲ್ಲಿ ನೀವು, ಅತ್ತೆ ಇಬ್ಬರೇ. ಆ ಬೆಳಗು ಈಗ ಹೊದಿಕೆ ಒಗೆಯುವುದಕ್ಕೆ, ಹಿಟ್ಟು ಬೀಸಿಸುವುದಕ್ಕೆ ಹೋಗುತ್ತಿರುತ್ತದೆ ಎಂದು ಪಣ ಕಟ್ಟಿ ಹೇಳುತ್ತೇನೆ. ತಿಂಗಳಿಗೆ ಒಂದೇ ಒಂದು ಶನಿವಾರ ಕಾದಂಬರಿಗೆ ಕೊಡಿ. ಮನೆಯಲ್ಲಿ ಕೂತರೆ ಕಣ್ಣಿಗೆ ಜೇಡರಬಲೆ ಕಾಣುತ್ತದೆ. ಅತ್ತೆಯವರ ಜೊತೆ ಇರಲು ಯಾರಾದರೂ ಇದ್ದರೆ ಊರಿನ ಗ್ರಂಥಾಲಯಕ್ಕೆ ಹೋಗಿಬಿಡಿ, ಅಲ್ಲಿ ಪೇಪರ್ ಓದುವ ಹಿರಿಯರು ನಿಮ್ಮನ್ನು ಏನೂ ಕೇಳುವುದಿಲ್ಲ. ಮಾರ್ಚ್‌ನಲ್ಲಿ ಮಾತ್ರ ಇದ್ಯಾವುದನ್ನೂ ಇಟ್ಟುಕೊಳ್ಳಬೇಡಿ. ವರ್ಷದ ಲೆಕ್ಕ ಮುಗಿಸುವ ತಿಂಗಳಲ್ಲಿ ಕಾದಂಬರಿ ಮುಂದುವರಿಯಲಿಲ್ಲ ಎಂದು ಯಾವ ಕ್ಯಾಷಿಯರೂ ಕೊರಗಬಾರದು. ಏಪ್ರಿಲ್‌ನಲ್ಲಿ ಮತ್ತೆ ಕೂರುವ ದಿನವನ್ನು ಮಾತ್ರ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಮಕ್ಕಳು ದೊಡ್ಡವರಾಗುವವರೆಗೆ ಬಿಡಲೇ ಎಂದಿದ್ದೀರಿ. ತಡವಾಗಿ ಶುರುಮಾಡಿದವರು ನಮ್ಮಲ್ಲಿ ಇಲ್ಲದಿಲ್ಲ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ನಿಮ್ಮ ಹಾಗೆಯೇ ಬ್ಯಾಂಕಿನಲ್ಲಿದ್ದ ಶ್ರೀನಿವಾಸ ವೈದ್ಯರು ‘ಹಳ್ಳ ಬಂತು ಹಳ್ಳ’ಕ್ಕೆ 2008ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಎಪ್ಪತ್ತು ದಾಟಿದ ಮೇಲೆ. ಈ ಹೆಸರುಗಳನ್ನು ಧೈರ್ಯಕ್ಕೆ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಮುಂದೂಡುವುದಕ್ಕೆ ಅವರನ್ನು ಸಾಕ್ಷಿ ಕರೆಯಬೇಡಿ. ತ್ರಿವೇಣಿಯವರು ಅದೇ 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿಟ್ಟಿದ್ದರು. ಮಕ್ಕಳು ದೊಡ್ಡವರಾದರೆ ಮನೆ ಖಾಲಿಯಾಗುತ್ತದೆ ಎನ್ನುವುದೂ ಅಷ್ಟು ನಿಜವಲ್ಲ. ಮಗಳ ಎಸ್ಸೆಸ್ಸೆಲ್ಸಿ, ಪಿಯುಸಿ, ಆಮೇಲೆ ಮಗನದು, ಅತ್ತೆಯವರ ವಯಸ್ಸು. ಮುಂದಿನ ಹತ್ತು ವರ್ಷವನ್ನು ನಾನು ಇಲ್ಲಿಂದಲೇ ನೋಡಬಲ್ಲೆ.

ನಿಮಗೆ ಹತ್ತಿರವಾಗಬಹುದಾದ ದಾರಿ ಹಾಸನದ ಬಾನು ಮುಷ್ತಾಕ್ ಅವರದು. ವಕೀಲಿ, ಹೋರಾಟ, ನಗರಸಭೆ, ಮನೆ ಎಲ್ಲದರ ನಡುವೆ ಅವರು ಹಿಡಿದದ್ದು ಸಣ್ಣಕತೆ. 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದೊಡನೆ ಅಂತರರಾಷ್ಟ್ರೀಯ ಬೂಕರ್ ಪಡೆದ ಪುಸ್ತಕದಲ್ಲಿ ಇರುವುದು ಹನ್ನೆರಡು ಕತೆ, ಅವು 1990ರಿಂದ 2023ರವರೆಗಿನ ಬರವಣಿಗೆಯಿಂದ ಆಯ್ದವು. ಕಾದಂಬರಿ ಬಿಡಿ ಎನ್ನುತ್ತಿಲ್ಲ. ಆದರೆ ಒಂದೊಂದು ಅಧ್ಯಾಯವನ್ನೂ ತನ್ನಷ್ಟಕ್ಕೆ ನಿಲ್ಲುವ ಕತೆಯಂತೆ ಬರೆದು ನೋಡಿ: ತೊಟ್ಟು ಬಿಡಿಸುವವಳ ಕೈ ಉರಿ ಒಂದು ಕತೆ, ಸೀಸನ್ ಮುಗಿದು ಕೂಲಿ ಇಲ್ಲದ ತಿಂಗಳು ಒಂದು ಕತೆ. ಎರಡು ತಿಂಗಳಿಗೊಂದು ಮುಗಿಯುತ್ತದೆ. ಮುಗಿದದ್ದು ಕೈಯಲ್ಲಿದ್ದರೆ ಮುಂದಿನದಕ್ಕೆ ಹುರುಪು ಬರುತ್ತದೆ, ಪತ್ರಿಕೆಗಳ ದೀಪಾವಳಿ ಕಥಾಸ್ಪರ್ಧೆಗೂ ಒಂದನ್ನು ಕಳಿಸಬಹುದು. ಕೊನೆಯ ದಿನಾಂಕ ಎನ್ನುವುದು ಎಷ್ಟೋ ಲೇಖಕರಿಗೆ ಸ್ಫೂರ್ತಿಗಿಂತ ಹೆಚ್ಚು ಕೆಲಸ ಮಾಡಿದೆ.

ಧಾರಾವಾಹಿಗಳ ಕಾಲದಲ್ಲಿ ಈ ಒತ್ತಾಯವನ್ನು ಸಂಪಾದಕರೇ ಒದಗಿಸುತ್ತಿದ್ದರು. ನಾಲ್ಕು ಮಕ್ಕಳ ತಾಯಿ ಸಾರಾ ಅಬೂಬಕ್ಕರ್ ನಲವತ್ತು ದಾಟಿದ ಮೇಲೆ ಬರೆದ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ, ಕಂತುಕಂತಾಗಿ. ಮುಂದಿನ ಕಂತಿಗೆ ಯಾರೋ ಕಾಯುತ್ತಿದ್ದಾರೆ ಎಂದರೆ ಹೊತ್ತು ಹೇಗೋ ಒದಗುತ್ತದೆ. ನಿಮಗಾಗಿ ಕಾಯುವ ಒಬ್ಬರು ಬೇಕು. ಮನೆಯವರನ್ನು ಆರಿಸಬೇಡಿ, ‘ಛಲೋ ಐತಿ’ ಎಂದು ಮುಗಿಸಿಬಿಡುತ್ತಾರೆ. ನಾನಾದರೆ ಅತ್ತೆಯವರನ್ನು ಆರಿಸುತ್ತಿದ್ದೆ. ಕಾಲಿಗೆ ಎಣ್ಣೆ ಹಚ್ಚುವ ಹೊತ್ತಿನಲ್ಲಿ ಬರೆದದ್ದನ್ನು ಹೇಳಿ ನೋಡಿ. ಹೊಗಳುತ್ತಾರೆ ಎಂದಲ್ಲ. ಮೆಣಸಿನಕಾಯಿ ಒಣಗುವ ಹೊತ್ತಿಗೆ ಮಳೆ ಬಂದರೆ ಏನಾಗುತ್ತದೆ, ಆ ಕಾಲದಲ್ಲಿ ಕೂಲಿ ಎಷ್ಟಿತ್ತು, ಅಂಥವಳು ಗಂಡನ ಎದುರು ಹಾಗೆ ಮಾತಾಡುತ್ತಾಳೆಯೇ, ಎಲ್ಲದಕ್ಕೂ ತಪ್ಪು ಹಿಡಿಯುತ್ತಾರೆ. ನಿಮಗೆ ಬೇಕಾದದ್ದು ಅದೇ.

ಆ ನಲವತ್ತು ಪುಟಗಳನ್ನು ಹರಿಯಬೇಡಿ. ಅವು ಚೆನ್ನಾಗಿವೆಯೋ ಇಲ್ಲವೋ ಎಂದು ಈಗ ತೀರ್ಮಾನಿಸುವುದೂ ಬೇಡ. ಕೊನೆಯ ಅಧ್ಯಾಯ ಬರೆದ ಮೇಲೆ ಕಾದಂಬರಿ ನಿಜಕ್ಕೂ ಎಲ್ಲಿಂದ ಶುರುವಾಗಬೇಕಿತ್ತು ಎಂದು ಗೊತ್ತಾಗುತ್ತದೆ, ಮೊದಲ ಹದಿನೈದು ಪುಟ ಆಗ ತಾನಾಗಿಯೇ ಬಿದ್ದುಹೋದರೂ ಹೋಗಬಹುದು. ಅಲ್ಲಿಯವರೆಗೆ ರಬ್ಬರ್ ಬ್ಯಾಂಡ್ ತೆಗೆಯಬೇಡಿ. ಮಂಗಳವಾರ ಎಂಟೂವರೆಗೆ ನಲವತ್ತನೇ ಪುಟದ ಕೊನೆಯ ಪ್ಯಾರಾ ಓದಿ ಶುರುಮಾಡಿ. ಮೊದಲ ಕತೆ ಮುಗಿದಾಗ ಒಂದು ಕಾರ್ಡು ಬರೆಯಿರಿ, ಅತ್ತೆಯವರು ಏನೆಂದರು ಎಂಬುದನ್ನೂ ಸೇರಿಸಿ.