ಸೋಗೆಯ ಮನೆ

ಅಡಿಕೆ ಬೆಳೆಯುವ ಚನ್ನಗಿರಿ, ನ್ಯಾಮತಿಗಳ ಕಡೆ ಹಿಂದೆ ಸೋಗೆ ಹೊದಿಸಿದ ಮನೆಗಳಿದ್ದುವು. ಮಳೆ ವಿರಳವಾದ ಜಗಳೂರಿಗೆ ಮಣ್ಣಿನ ಮಾಳಿಗೆಯೇ ಸಾಕಾಗಿತ್ತು. ಸೋಗೆಯ ಮಾಡು ತಂಪು. ಆದರೆ ಮಳೆಗಾಲಕ್ಕೆ ಮೊದಲೇ ಅದನ್ನು ಹೊಸದಾಗಿ ಹೊದಿಸಬೇಕು. ಕೆಳಗೆ ಒಲೆಯ ಹೊಗೆಯಾಡದಿದ್ದರೆ ಹುಳು ಹಿಡಿಯುತ್ತದೆ. ಹೆಂಚು ಬಂದೊಡನೆ ಈ ದುಡಿಮೆಯನ್ನು ಬಿಟ್ಟವರನ್ನು ದೂರುವುದು ನ್ಯಾಯವಲ್ಲ.

ಯುರೋಪಿನ ಪಶ್ಚಿಮದಂಚಿನ ಮಳೆನಾಡಾದ ಐರ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ದಪ್ಪ ಗೋಡೆಗೆ ಸುಣ್ಣ ಬಳಿದು, ಗೋಧಿಯ ಹುಲ್ಲನ್ನೋ ಜೊಂಡನ್ನೋ ಹೊದಿಸಿದ ಹಳ್ಳಿಮನೆಗಳು ಬರಿದಾದುವು. ಅವುಗಳಲ್ಲಿ ಕೆಲವನ್ನು ಜೀರ್ಣೋದ್ಧಾರ ಮಾಡಿ, ರಜೆಗೆ ಬರುವ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಅತಿಥಿಯು ಆರಿದ ಒಲೆಯನ್ನು ಹೊತ್ತಿಸುತ್ತಾನೆ. ಅವನು ತೆತ್ತ ಹಣದಿಂದ ಹುಲ್ಲು ಹೊದಿಸುವವನಿಗೆ ಕೂಲಿ ದೊರೆಯುತ್ತದೆ. ಚನ್ನಗಿರಿಯ ತೋಟಗಳಲ್ಲಿ ಸೋಗೆಗೆ ಇಂದಿಗೂ ಕೊರತೆಯಿಲ್ಲ. ಅದನ್ನು ಮಾಡಿಗೆ ಬಿಗಿಯಬಲ್ಲ ಕೈಗಳು ಮಾತ್ರ ವಿರಳವಾಗಿವೆ.