ಸರ್ವೋ ತಿರುಗಲಿ, ಬೋರ್ಡ್ ಬೇಯದಿರಲಿ

ಫೆಬ್ರುವರಿ 28ರ ವಿಜ್ಞಾನ ದಿನ ಹತ್ತಿರವಾದಂತೆ ಶಾಲೆಗಳಲ್ಲಿ ಮಾದರಿಗಳ ತಯಾರಿ ಜೋರಾಗುತ್ತದೆ. ಚಿತ್ರದುರ್ಗ ಜಿಲ್ಲೆಗೆ ಹೇಳಿ ಮಾಡಿಸಿದಂಥ ಮಾದರಿಯೆಂದರೆ ಹಿರಿಯೂರಿನ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಈ ವಾಣಿವಿಲಾಸ ಸಾಗರ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ಕಂಡ ಮಕ್ಕಳಿಗೆ ಥರ್ಮಾಕೋಲಿನ ಅಣೆಕಟ್ಟು ಕಟ್ಟಿ, ನೀರು ಏರಿದಾಗ ತಾನಾಗಿ ತೆರೆಯುವ ತೂಬಿನ ಬಾಗಿಲು ಕೂರಿಸುವ ಆಸೆ ಹುಟ್ಟುವುದು ಸಹಜ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಆರ್ಡುಯಿನೊ ಬೋರ್ಡ್, ನೀರಿನ ಸೆನ್ಸರ್, ನೀಲಿ ಬಣ್ಣದ ಪುಟ್ಟ ಸರ್ವೋ ಮೋಟಾರ್. ಮೇಜಿನ ಮೇಲೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಪ್ರದರ್ಶನದ ದಿನ ಜನ ಸೇರಿದ ಮೇಲೆ ಬಾಗಿಲು ನಡುಗತೊಡಗುತ್ತದೆ, ಬೋರ್ಡಿನ ದೀಪ ಆರಿ ಹೊತ್ತುತ್ತದೆ, ಕರೆಂಟ್ ಜ್ಯಾಕ್‌ನ ಪಕ್ಕದ ಕಪ್ಪು ಚಿಪ್ ಮುಟ್ಟಲಾಗದಷ್ಟು ಕಾಯುತ್ತದೆ. ಇದಕ್ಕೆ ಪ್ರೋಗ್ರಾಂ ಕಾರಣವಲ್ಲ. ಕರೆಂಟ್ ಕೊಟ್ಟ ದಾರಿ ತಪ್ಪಾಗಿದೆ.

ಶಾಖ ಎಲ್ಲಿಂದ ಬರುತ್ತದೆ

ಆ ಕಪ್ಪು ಚಿಪ್ಪೇ ರೆಗ್ಯುಲೇಟರ್. ಹೊರಗಿನಿಂದ ಬಂದ 9 ಅಥವಾ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಹೆಚ್ಚಾದ ವೋಲ್ಟೇಜನ್ನು ಅದು ಉಳಿಸುವುದಿಲ್ಲ, ಶಾಖವಾಗಿ ಸುಟ್ಟುಬಿಡುತ್ತದೆ. ಲೆಕ್ಕ ಸುಲಭ: ಒಳಬರುವ ವೋಲ್ಟ್‌ನಿಂದ 5 ಕಳೆದು, ಹರಿಯುವ ಆಂಪಿಯರ್‌ನಿಂದ ಗುಣಿಸಿದರೆ ಎಷ್ಟು ವ್ಯಾಟ್ ಶಾಖ ಎಂಬುದು ಸಿಗುತ್ತದೆ. ಮನೆಯ ವೈಫೈ ಪೆಟ್ಟಿಗೆಯ 12 ವೋಲ್ಟ್ ಅಡಾಪ್ಟರ್ ಚುಚ್ಚಿ, ಸರ್ವೋ ಅರ್ಧ ಆಂಪಿಯರ್ ಎಳೆದರೆ 3.5 ವ್ಯಾಟ್. ಬೆರಳಿನ ಉಗುರಿಗಿಂತ ಚಿಕ್ಕದಾದ, ಶಾಖ ಚೆಲ್ಲಲು ಲೋಹದ ರೆಕ್ಕೆಯೂ ಇಲ್ಲದ ಚಿಪ್ ಅಷ್ಟನ್ನು ತಾಳಲಾರದು. ಬೇಸಿಗೆಯಲ್ಲಿ ಶೀಟು ಹಾಕಿದ ಕೋಣೆಯ ಬಿಸಿಯೂ ಸೇರಿದರೆ ಇನ್ನೂ ಬೇಗ ಸೋಲುತ್ತದೆ.

ಸರ್ವೋ ಅಷ್ಟು ಎಳೆಯುತ್ತದೆಯೇ? 9 ಗ್ರಾಂ ತೂಕದ ಎಸ್‌ಜಿ90 ಸುಮ್ಮನಿದ್ದಾಗ ಸುಮಾರು 10 ಮಿಲಿಆಂಪಿಯರ್, ತಿರುಗುವಾಗ 100ರಿಂದ 250. ಬಾಗಿಲು ಸಿಕ್ಕಿಕೊಂಡು ಅದು ಒದ್ದಾಡತೊಡಗಿದರೆ 650ರ ಮೇಲೆ ಹೋಗುತ್ತದೆ. ಬೋರ್ಡಿನ ಒಂದು ಪಿನ್ ನೆಮ್ಮದಿಯಿಂದ ಕೊಡಬಲ್ಲದ್ದು 20 ಮಿಲಿಆಂಪಿಯರ್ ಮಾತ್ರ. ಯುಎಸ್‌ಬಿ ಬಾಯಲ್ಲಿರುವ ಫ್ಯೂಸ್ 500ಕ್ಕೆ ತಡೆ ಹಾಕುತ್ತದೆ. ಅಂದರೆ ಒಂದೇ ಸರ್ವೋ ಸಿಕ್ಕಿಕೊಂಡರೂ ಮಿತಿ ಮೀರಿದಂತೆಯೇ.

ಬೋರ್ಡ್ ಇಲ್ಲಿ ಕೆರೆಯ ನೀರುಗಂಟಿಯಂತೆ. ತೂಬು ಯಾವಾಗ, ಎಷ್ಟು ತೆರೆಯಬೇಕೆಂದು ಹೇಳುವುದು ಅವನ ಕೆಲಸ. ಗದ್ದೆಗೆ ನೀರು ಹೊರುವುದಲ್ಲ.

ಜೋಡಿಸುವ ಕ್ರಮ

ಮೊದಲು ಸರ್ವೋಗಾಗಿ ಬೇರೆ ಕರೆಂಟಿನ ಮೂಲ ಹುಡುಕಬೇಕು. ಒಂದೆರಡು ಎಸ್‌ಜಿ90ಗೆ 5 ವೋಲ್ಟ್, 2 ಆಂಪಿಯರ್ ಎಂದು ಬರೆದಿರುವ ಮೊಬೈಲ್ ಚಾರ್ಜರ್ ಸಾಕು. ಕರೆಂಟ್ ಇಲ್ಲದ ಕಡೆ 4 ಎಎ ಅಳತೆಯ ರೀಚಾರ್ಜ್ ಸೆಲ್‌ಗಳ ಡಬ್ಬಿ ಒಳ್ಳೆಯದು, 4.8 ವೋಲ್ಟ್ ಸಿಗುತ್ತದೆ. 9 ವೋಲ್ಟ್‌ನ ಚೌಕ ಬ್ಯಾಟರಿಯನ್ನು ಮಾತ್ರ ಮುಟ್ಟಬಾರದು. ಅದು ರೇಡಿಯೊ, ಮಲ್ಟಿಮೀಟರಿನಂಥ ಸಣ್ಣ ಹಸಿವಿನ ಸಾಧನಗಳಿಗೆ ಮಾಡಿದ್ದು. ಮೋಟಾರ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ.

ಇನ್ನು ತಂತಿ. ಸರ್ವೋದಿಂದ ಮೂರು ಬರುತ್ತವೆ: ಕಂದು ಗ್ರೌಂಡ್, ಕೆಂಪು ಕರೆಂಟ್, ಕಿತ್ತಳೆ ಸಂಕೇತ. ಕಂದನ್ನು ಹೊರಗಿನ ಮೂಲದ ಮೈನಸ್‌ಗೆ, ಕೆಂಪನ್ನು ಅದರ ಪ್ಲಸ್‌ಗೆ ಕೊಡಬೇಕು. ಕಿತ್ತಳೆಯೊಂದೇ ಬೋರ್ಡಿನ 9ನೇ ಪಿನ್‌ಗೆ ಹೋಗಲಿ. ಇಷ್ಟಾದ ಮೇಲೆ ಬಹಳ ಜನ ಮರೆಯುವ ಒಂದು ತಂತಿ ಉಳಿದಿರುತ್ತದೆ: ಹೊರಗಿನ ಮೂಲದ ಮೈನಸ್‌ನಿಂದ ಬೋರ್ಡಿನ ಗ್ರೌಂಡ್ ಪಿನ್‌ಗೆ. ಎರಡರ ಗ್ರೌಂಡ್ ಒಂದಾಗದಿದ್ದರೆ ಸಂಕೇತ ಸರ್ವೋಗೆ ಅರ್ಥವಾಗುವುದಿಲ್ಲ, ಅದು ಮನಬಂದಂತೆ ನಡುಗುತ್ತದೆ. ಹೊರಗಿನ ಪ್ಲಸ್ಸನ್ನು ಬೋರ್ಡಿನ 5 ವೋಲ್ಟ್ ಪಿನ್‌ಗೆ ಸೇರಿಸಬಾರದು. ಬೋರ್ಡಿಗೆ ತನ್ನದೇ ಯುಎಸ್‌ಬಿ ಇರಲಿ.

ಸರ್ವೋದ ಪ್ಲಸ್ ಮೈನಸ್‌ಗಳ ನಡುವೆ 470ರಿಂದ 1000 ಮೈಕ್ರೋಫ್ಯಾರಡ್‌ನ, 16 ವೋಲ್ಟ್ ತಾಳುವ ಕೆಪಾಸಿಟರ್ ಹಾಕಿದರೆ ಮೋಟಾರ್ ಹೊರಟ ಕ್ಷಣದ ಎಳೆತವನ್ನು ಅದು ತಡೆದುಕೊಳ್ಳುತ್ತದೆ. ಅದರ ಮೈಮೇಲಿನ ಪಟ್ಟೆ ಮೈನಸ್ ಕಡೆಗಿರಬೇಕು. ತಿರುಗುಮುರುಗಾದರೆ ಸಿಡಿಯಬಹುದು, ಮಕ್ಕಳ ಕಣ್ಣುಗಳು ಹತ್ತಿರದಲ್ಲೇ ಇರುತ್ತವೆ. ಮೊದಲ ಸಲ ಕರೆಂಟ್ ಕೊಡುವ ಮುನ್ನ ಶಿಕ್ಷಕರು ಇದನ್ನು ತಾವೇ ನೋಡಲೇಬೇಕು.

ಕೈಯಲ್ಲಿರುವುದು 12 ವೋಲ್ಟ್ ಅಡಾಪ್ಟರ್ ಮಾತ್ರವೇ? ಎಲ್‌ಎಂ2596 ಹೆಸರಿನ ಬಕ್ ಕನ್ವರ್ಟರ್ ಹಲಗೆ ತರಿಸಬಹುದು. 1 ಆಂಪಿಯರ್ ಕೊಡುವಾಗ ಬೋರ್ಡಿನ ರೆಗ್ಯುಲೇಟರ್ 7 ವ್ಯಾಟ್ ಸುಡಬೇಕಾದಲ್ಲಿ ಇದು ಒಂದೂಕಾಲು ವ್ಯಾಟ್‌ನಷ್ಟು ಮಾತ್ರ ಸುಡುತ್ತದೆ. ಸರ್ವೋ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು, ತಿರುಪು ತಿರುಗಿಸಿ 5 ವೋಲ್ಟಿಗೆ ನಿಲ್ಲಿಸಬೇಕು. 3 ಆಂಪಿಯರ್ ಎಂದು ಬರೆದಿದ್ದರೂ 2ರ ಒಳಗೆ ಇಟ್ಟರೆ ಕ್ಷೇಮ.

ಬಾಗಿಲು ಹಗುರವಿರಲಿ

ಎಷ್ಟು ಕರೆಂಟ್ ಕೊಟ್ಟರೂ ಬಾಗಿಲೇ ಬಿಗಿಯಾಗಿದ್ದರೆ ಸರ್ವೋ ಒಳಗೇ ಬೇಯುತ್ತದೆ. ಎಸ್‌ಜಿ90ರ ಬಲ 4.8 ವೋಲ್ಟಿನಲ್ಲಿ 1.8 ಕಿಲೋ-ಸೆಂಟಿಮೀಟರ್. 3 ಸೆಂಟಿಮೀಟರ್ ತೋಳಿನ ತುದಿಯಲ್ಲಿ 600 ಗ್ರಾಂ ತೂಗಿದರೆ ಅದು ನಿಂತೇ ಹೋಗುತ್ತದೆ. 200 ಗ್ರಾಂ ಮೀರದಿದ್ದರೆ ಒಳಿತು. ಪ್ರೋಗ್ರಾಂನಲ್ಲಿ 0ಯಿಂದ 180 ಡಿಗ್ರಿ ಬರೆಯುವ ಬದಲು 10ರಿಂದ 170 ಎಂದರೆ ಹಲ್ಲುಗಳು ಕೊನೆಯ ತಡೆಗೆ ಒತ್ತಿಕೊಂಡು ನಿಲ್ಲುವುದಿಲ್ಲ. ಬಾಗಿಲು ತಾನಾಗಿ ನಿಲ್ಲುವಂತಿದ್ದರೆ, ತಿರುಗಿ ಮುಗಿದ ಮೇಲೆ ಡಿಟ್ಯಾಚ್ ಆಜ್ಞೆ ಕೊಟ್ಟು ಸಂಕೇತ ನಿಲ್ಲಿಸಬಹುದು, ಮೋಟಾರ್ ತಣ್ಣಗಿರುತ್ತದೆ.

ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗಿನ ತೋಟವನ್ನು ಮನಸ್ಸಿನಲ್ಲಿಟ್ಟು, ಮಣ್ಣು ಒಣಗಿದಾಗ ಅರ್ಧ ಇಂಚಿನ ಪೈಪಿನ ಬಾಲ್ ವಾಲ್ವ್ ತಿರುಗಿಸುವ ಮಾದರಿಗೆ ಹೊರಟವರು ಇನ್ನಷ್ಟು ಎಚ್ಚರವಹಿಸಬೇಕು. ಬಿಗಿಯಾದ ವಾಲ್ವ್‌ಗೆ ನೀಲಿ ಸರ್ವೋ ಸಾಲದು. ಲೋಹದ ಹಲ್ಲಿನ ಎಂಜಿ996ಆರ್ ಬೇಕು, ಅದು ಸಿಕ್ಕಿಕೊಂಡಾಗ 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಅಂಥ ಕಡೆ ತೆಳು ಜಂಪರ್ ತಂತಿ, ಬ್ರೆಡ್‌ಬೋರ್ಡಿನ ತೂತುಗಳೂ ಕಾಯುತ್ತವೆ. ದಪ್ಪ ತಂತಿಯನ್ನು ನೇರವಾಗಿ ಬೆಸೆಯಬೇಕು. ಸರ್ವೋಗಳು ಎರಡು ಮೂರಿದ್ದರೆ ಒಟ್ಟಿಗೆ ತಿರುಗಿಸದೆ, ಒಂದು ನಿಂತ ಮೇಲೆ ಇನ್ನೊಂದು ಹೊರಡುವಂತೆ ಬರೆದರೆ ಮೂಲದ ಮೇಲಿನ ಹೊರೆ ಇಳಿಯುತ್ತದೆ.

2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್‌ನ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಮಲ್ಟಿಮೀಟರ್, ಬೆಸುಗೆ ಕಡ್ಡಿ ಕೈಗೆ ಸಿಗುತ್ತವೆ. ಇಲ್ಲದ ಶಾಲೆಗೆ ಮಲ್ಟಿಮೀಟರೇ ಮೊದಲ ಖರೀದಿಯಾಗಲಿ. ಬೋರ್ಡ್ ಸುಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇನ್ನೊಂದು ಬರುವ ಹೊತ್ತಿಗೆ ಪ್ರದರ್ಶನವೇ ಮುಗಿದಿರುತ್ತದೆ.

ಅಂದವಾಗಿ ಕಾಣಲೆಂದು ಬೋರ್ಡನ್ನು ಥರ್ಮಾಕೋಲ್ ಡಬ್ಬಿಯೊಳಗೆ ಮುಚ್ಚಿಡುವ ರೂಢಿ ಬಿಡಬೇಕು, ಥರ್ಮಾಕೋಲ್ ಶಾಖವನ್ನು ಹೊರಬಿಡುವುದಿಲ್ಲ. ಹಿಂದಿನ ದಿನವೇ ಮಾದರಿಯನ್ನು ಅರ್ಧ ಗಂಟೆ ಬಿಡದೆ ನಡೆಸಿ, ಕರೆಂಟ್ ತೆಗೆದು, ರೆಗ್ಯುಲೇಟರ್ ಮತ್ತು ಸರ್ವೋದ ಮೈ ಮುಟ್ಟಿ ನೋಡಬೇಕು. ಎರಡು ಮೂರು ಸೆಕೆಂಡ್ ಬೆರಳಿಡಲಾಗದಿದ್ದರೆ ಲೆಕ್ಕ ಇನ್ನೊಮ್ಮೆ ಹಾಕಬೇಕು. ಈಗಾಗಲೇ ಕಾದು ಹೋದ ಬೋರ್ಡ್ ಇದ್ದರೆ ಎಸೆಯುವ ಮುನ್ನ ಯುಎಸ್‌ಬಿಗೆ ಹಚ್ಚಿ 5 ವೋಲ್ಟ್ ಪಿನ್ ಅಳೆಯಲಿ. 4.75ರಿಂದ 5.25ರೊಳಗೆ ತೋರಿಸಿ, ಯಾವ ಚಿಪ್ಪೂ ಕಾಯದಿದ್ದರೆ ಜ್ಯಾಕ್ ಬಳಸದೆ ಯುಎಸ್‌ಬಿಯಿಂದಲೇ ನಡೆಸಿ ನೋಡಬಹುದು.